ಒಲ್ಲದ ತರಕಾರಿಗೆ ರುಚಿ ಹತ್ತಿಸುವುದು ಹೇಗೆ?

ಮಗು ಒಂದು ತರಕಾರಿಯನ್ನು ಮೂರು ಸಲ ಉಗುಳಿತೆಂದರೆ ಬಹಳಷ್ಟು ಮನೆಗಳಲ್ಲಿ ಅದರ ಕಥೆ ಅಲ್ಲಿಗೆ ಮುಗಿಯಿತು. ‘ಇದು ಅವಳಿಗೆ ಸೇರುವುದಿಲ್ಲ’ ಎಂಬ ಪಟ್ಟಿಗೆ ಹೋದ ಪದಾರ್ಥ ಮತ್ತೆ ತಟ್ಟೆಗೆ ಬರುವುದೇ ಇಲ್ಲ. ಹೆಚ್ಚಿನ ಹೆತ್ತವರು ಕೈಚೆಲ್ಲುವುದು ಮೂರರಿಂದ ಐದನೇ ಪ್ರಯತ್ನದಲ್ಲಿ. ರುಚಿ ಹತ್ತಲು ಬೇಕಾಗುವ ಲೆಕ್ಕವೇ ಬೇರೆ: ಆಗಷ್ಟೇ ಗಟ್ಟಿ ಆಹಾರ ಶುರುಮಾಡಿದ ಕೂಸಿಗೆ ಸುಮಾರು 8 ಸಲ, 2ರಿಂದ 6 ವರ್ಷದ ಮಗುವಿಗೆ 10ರಿಂದ 15 ಸಲ. ನಡುವಿನ ಆ ಹತ್ತು ಸಲವನ್ನು ಜಗಳವಿಲ್ಲದೆ ದಾಟುವ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದೆ. ಇದಕ್ಕೆ ಬೇಕಾದ ಸಾಮಾನು ಮೂರೇ: 1 ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆಯ ತಕ್ಕಡಿ, ಒಂದು ಹಾಳೆ, ಒಂದು ಪೆನ್ಸಿಲ್. ನಾಲ್ಕನೆಯದು ತಾಳ್ಮೆ. ಅದಕ್ಕೂ ಒಂದು ಅಳತೆಯಿದೆ, ಮುಂದೆ ಬರುತ್ತದೆ.

ನಾಲಿಗೆ ಹುಟ್ಟುವಾಗ ತಂದದ್ದು, ಆಮೇಲೆ ಕಲಿತದ್ದು

ಸಿಹಿಯ ಒಲವು ಹುಟ್ಟಿನಿಂದಲೇ ಇರುತ್ತದೆ. 1970ರ ದಶಕದಲ್ಲಿ ಜೇಕಬ್ ಸ್ಟೈನರ್ ನವಜಾತ ಶಿಶುಗಳ ನಾಲಿಗೆಗೆ ಹನಿ ಹನಿಯಾಗಿ ರುಚಿ ಮುಟ್ಟಿಸಿ ಅವುಗಳ ಮುಖಭಾವ ದಾಖಲಿಸಿದರು. ಸಿಹಿಗೆ ಮುಖ ಸಡಿಲವಾಗಿ ತುಟಿ ಚಪ್ಪರಿಸಿದವು, ಹುಳಿಗೆ ತುಟಿ ಮುದುಡಿದವು, ಕಹಿಗೆ ಬಾಯಿ ಅಗಲಿಸಿ ನಾಲಿಗೆ ಹೊರಹಾಕಿದವು. ಉಪ್ಪಿನ ಆಸೆ ಹುಟ್ಟುವುದು ಸುಮಾರು 4 ತಿಂಗಳಿಗೆ. ಕಹಿ ಎಷ್ಟು ತೀವ್ರವಾಗಿ ನಾಟುತ್ತದೆ ಎಂಬುದರಲ್ಲಿ ವಂಶವಾಹಿಯ ಪಾಲೂ ಇದೆ. ಟಿಎಎಸ್2ಆರ್38 ಎಂಬ ಜೀನಿನ ಒಂದು ರೂಪ ಇರುವವರಿಗೆ ಎಲೆಕೋಸಿನ ಜಾತಿಯ ತರಕಾರಿಗಳು ಪಕ್ಕದವರಿಗಿಂತ ನಿಜಕ್ಕೂ ಹೆಚ್ಚು ಕಹಿ. ಅವರು ನಾಟಕವಾಡುತ್ತಿಲ್ಲ.

ಇಷ್ಟನ್ನು ಬಿಟ್ಟರೆ ಉಳಿದದ್ದು ಬಹುಮಟ್ಟಿಗೆ ಕಲಿಕೆ, ಅದೂ ಹೊಟ್ಟೆಯಲ್ಲಿದ್ದಾಗಿನಿಂದ. ರುಚಿ, ವಾಸನೆಗಳ ಸಂಶೋಧನೆ ನಡೆಸುವ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದಲ್ಲಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಗರ್ಭಿಣಿಯರು ಕೊನೆಯ ತಿಂಗಳುಗಳಲ್ಲಿ 3 ವಾರ, ವಾರಕ್ಕೆ 4 ದಿನ, 300 ಮಿ.ಲೀ. ಕ್ಯಾರೆಟ್ ರಸ ಕುಡಿದರು. ಆ ಮಕ್ಕಳು ಮುಂದೆ ಗಟ್ಟಿ ಆಹಾರ ಶುರುಮಾಡಿದಾಗ ಕ್ಯಾರೆಟ್ ಬೆರೆಸಿದ ಧಾನ್ಯದ ಗಂಜಿಗೆ ಕಡಿಮೆ ಮುಖ ಸಿಂಡರಿಸಿದರು.

ಎರಡು ವರ್ಷದ ಹೊತ್ತಿಗೆ ಇನ್ನೊಂದು ಗೋಡೆ ಏಳುತ್ತದೆ: ಹೊಸ ಆಹಾರದ ಭಯ. ನಡೆಯಲು ಕಲಿತ ಮಗು ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದಿರಲಿ ಎಂದು ಪ್ರಕೃತಿ ಹಾಕಿದ ಬೇಲಿ ಇದು ಎನ್ನುವುದು ಸಾಮಾನ್ಯ ವಿವರಣೆ. 2ರಿಂದ 6 ವರ್ಷದ ನಡುವೆ ಇದು ಅತಿ ಹೆಚ್ಚು. 2007ರಲ್ಲಿ ಲೂಸಿ ಕುಕ್ ಮತ್ತು ಜೇನ್ ವಾರ್ಡಲ್ ತಂಡ 5 ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳನ್ನು ಹೋಲಿಸಿ ನೋಡಿದಾಗ, ಈ ಭಯದಲ್ಲಿ ಮಗುವಿನಿಂದ ಮಗುವಿಗೆ ಕಾಣುವ ವ್ಯತ್ಯಾಸದ ಸುಮಾರು 78 ಶೇಕಡಾ ಆನುವಂಶಿಕ ಎಂದು ಕಂಡಿತು. ಅಂದರೆ ಮಗು ತಟ್ಟೆ ದೂಡಿದ್ದಕ್ಕೆ ಅಡುಗೆ ಮಾಡಿದವರನ್ನು ದೂರಬೇಕಾಗಿಲ್ಲ. ಆನುವಂಶಿಕ ಎಂದ ಮಾತ್ರಕ್ಕೆ ಬದಲಾಗದ್ದು ಎಂದೂ ಅರ್ಥವಲ್ಲ. ಕೆಳಗಿನ ಕ್ರಮ ಭಯ ಹೆಚ್ಚಿರುವ ಮಕ್ಕಳಲ್ಲೂ ನಡೆಯುತ್ತದೆ, ಸಲಗಳ ಎಣಿಕೆ ಮಾತ್ರ ಹೆಚ್ಚಬಹುದು.

ಯಾವ ಬಗೆಯ ‘ಬೇಡ’?

ಎಲ್ಲ ನಿರಾಕರಣೆಗೂ ಒಂದೇ ಮದ್ದಿಲ್ಲ. ಬಾಯಿಗೆ ಹಾಕುವ ಮೊದಲೇ, ನೋಡಿದ ಕೂಡಲೇ ಬೇಡ ಎಂದರೆ ಅದು ಹೊಸತರ ಭಯ. ಮದ್ದು: ಸಣ್ಣ ತುಣುಕು, ಮತ್ತೆ ಮತ್ತೆ. ಬಾಯಿಗೆ ಹಾಕಿ, ರುಚಿ ನೋಡಿ, ಉಗುಳಿದರೆ ರುಚಿ ಹಿಡಿಸಲಿಲ್ಲ. ಮದ್ದು ಅದೇ, ಆದರೆ ಸಪ್ಪೆಯಾಗಿ ಬೇಯಿಸಿ ಕಹಿ ತಗ್ಗಿಸಿಕೊಂಡು ಶುರುಮಾಡಬೇಕು. ಅಗಿಯುತ್ತ ಓಕರಿಸಿದರೆ ತೊಡಕು ರುಚಿಯದಲ್ಲ, ನಾರು, ಲೋಳೆ, ಗಂಟಿನದು. ಅದೇ ತರಕಾರಿಯನ್ನು ಬೇರೆ ಹದಕ್ಕೆ ಬೇಯಿಸಿ ನೋಡಿ. ನಿನ್ನೆಯವರೆಗೆ ತಿಂದದ್ದನ್ನೇ ಇವತ್ತು ಬೇಡ ಎಂದರೆ ಮೊದಲು ಗಡಿಯಾರ ನೋಡಿ. ಅರ್ಧ ಗಂಟೆ ಹಿಂದೆ ಕುಡಿದ ಒಂದು ಲೋಟ ಹಾಲೋ ಜ್ಯೂಸೋ ಕಾರಣವಾಗಿರಬಹುದು.

ಐದನೆಯ ಬಗೆಯನ್ನು ಗುರುತಿಸುವುದು ಕಷ್ಟ. ಯಾವುದೋ ಪದಾರ್ಥ ತಿಂದ ಮೇಲೆ ವಾಂತಿಯಾದರೆ, ವಾಂತಿಗೆ ಕಾರಣ ಜ್ವರವೇ ಆಗಿದ್ದರೂ, ಮೆದುಳು ತಪ್ಪನ್ನು ಆ ಪದಾರ್ಥದ ಮೇಲೆ ಹೊರಿಸುತ್ತದೆ. ಜಾನ್ ಗಾರ್ಸಿಯಾ 1950 ಮತ್ತು 60ರ ದಶಕಗಳಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ಒಂದೇ ಸಲ ಸಾಕು, ತಿಂದದ್ದಕ್ಕೂ ಹೊಟ್ಟೆ ಕೆಟ್ಟದ್ದಕ್ಕೂ ನಡುವೆ ಗಂಟೆಗಟ್ಟಲೆ ಅಂತರವಿದ್ದರೂ ನಂಟು ಬೆಳೆಯುತ್ತದೆ. ದೊಡ್ಡವರಲ್ಲೂ ‘ಅದರ ವಾಸನೆಯೇ ಆಗದು’ ಎನ್ನುವ ಎಷ್ಟೋ ಪದಾರ್ಥಗಳ ಹಿಂದೆ ಇಂಥ ಒಂದು ರಾತ್ರಿ ಇರುತ್ತದೆ. ಇಂಥದ್ದನ್ನು ಮೊದಲ ಗುರಿಯಾಗಿ ಆರಿಸಬೇಡಿ. ಇದೇ ಕಾರಣಕ್ಕೆ ಮಗು ಹುಷಾರಿಲ್ಲದ ದಿನ ಹೊಸ ಆಹಾರ ಕೊಡಬೇಡಿ.

ಶುರುವಿಗೆ ಮೊದಲು ಒಂದು ಅಳತೆ

ಮಗುವಿಗೆ ಏನು ಇಷ್ಟ ಎಂದು ಬಾಯಿಮಾತಿನಲ್ಲಿ ಕೇಳಿದರೆ ನಂಬುವಂಥ ಉತ್ತರ ಸಿಗದು. ಎರಡು ಮೂರು ವರ್ಷದವರು ಕೇಳಿದ್ದಕ್ಕೆಲ್ಲ ಹೌದೆನ್ನುತ್ತಾರೆ, ಇಲ್ಲವೇ ಕೊನೆಗೆ ಕೇಳಿದ ಹೆಸರನ್ನೇ ಹೇಳುತ್ತಾರೆ. ಮಕ್ಕಳ ಊಟದ ವರ್ತನೆ ಅಧ್ಯಯನ ಮಾಡಿದ ಮನೋವಿಜ್ಞಾನಿ ಲಿಯಾನ್ ಬರ್ಚ್ ಅವರ ಪ್ರಯೋಗಗಳಿಂದ ಚಾಲ್ತಿಗೆ ಬಂದ ಮೂರು ಮುಖಗಳ ವಿಧಾನ ಮನೆಯಲ್ಲೂ ಮಾಡಬಹುದು.

ಆರು ತರಕಾರಿ ಆರಿಸಿಕೊಳ್ಳಿ. ಎರಡು ಮಗು ತಿನ್ನುವಂಥವು, ಎರಡು ಒಮ್ಮೊಮ್ಮೆ ತಿನ್ನುವಂಥವು, ಎರಡು ಒಲ್ಲದವು. ಎಲ್ಲವನ್ನೂ ಒಂದೇ ಗಾತ್ರಕ್ಕೆ, ಬಟಾಣಿ ಕಾಳಿನಷ್ಟು, ಹೆಚ್ಚಿ, ಬೆರಳಲ್ಲಿ ಒತ್ತಿದರೆ ನಜ್ಜಾಗುವ ಹಾಗೆ ಬೇಯಿಸಿ, ತಣಿಸಿ, ಒಂದೇ ಬಣ್ಣದ ಸಣ್ಣ ಬಟ್ಟಲುಗಳಲ್ಲಿಡಿ. ಹಾಳೆಯ ಮೇಲೆ ನಗುವ, ಸುಮ್ಮನಿರುವ, ಮುಖ ಸಿಂಡರಿಸಿದ ಮೂರು ಮುಖ ಬರೆಯಿರಿ. ಊಟವಾಗಿ ಒಂದೆರಡು ಗಂಟೆ ಕಳೆದ ಹೊತ್ತಿನಲ್ಲಿ ಮಗು ಒಂದೊಂದನ್ನೇ ರುಚಿ ನೋಡಿ ಬಟ್ಟಲನ್ನು ಸರಿಯಾದ ಮುಖದ ಮುಂದೆ ಇಡಲಿ. ನಡುವೆ ಒಂದು ಗುಟುಕು ನೀರು. ಉಗುಳಲು ಬೇರೆ ಬಟ್ಟಲಿರಲಿ, ಉಗುಳಬಹುದೆಂದು ಮೊದಲೇ ಹೇಳಿರಿ. ಆಮೇಲೆ ನಗುವ ಮುಖದ ಮುಂದಿರುವವುಗಳಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನ ಎಂದು ಕೇಳಿ, ಅದನ್ನು ತೆಗೆದು, ಉಳಿದವುಗಳಲ್ಲಿ ಯಾವುದು ಎಂದು ಮತ್ತೆ ಕೇಳಿ. ಹೀಗೆ ಮೂರೂ ಮುಖಗಳಲ್ಲಿ ಮಾಡಿದರೆ 1ರಿಂದ 6ರವರೆಗೆ ಶ್ರೇಣಿ ಸಿಗುತ್ತದೆ. ಎರಡು ದಿನ ಬಿಟ್ಟು ಬಟ್ಟಲುಗಳ ಕ್ರಮ ಬದಲಿಸಿ ಇನ್ನೊಮ್ಮೆ ಮಾಡಿ. ಎರಡು ದಿನದ ಫಲಿತಾಂಶಕ್ಕೆ ತಾಳೆಯೇ ಇಲ್ಲದಿದ್ದರೆ ಮಗುವಿಗೆ ಆಟ ಅರ್ಥವಾಗಿಲ್ಲ. 3 ವರ್ಷಕ್ಕಿಂತ ಚಿಕ್ಕವರಲ್ಲಿ ಹೀಗಾಗುವುದೇ ಹೆಚ್ಚು. ಅವರಿಗೆ ಮುಖಗಳನ್ನು ಬಿಟ್ಟು, ಎಷ್ಟು ಗ್ರಾಂ ಒಳಹೋಯಿತೆಂದು ಮಾತ್ರ ತೂಗಿ.

ಗುರಿ ತರಕಾರಿಯಾಗಿ 4 ಅಥವಾ 5ನೆಯ ಶ್ರೇಣಿಯದನ್ನು ಹಿಡಿಯಿರಿ, 6ನೆಯದನ್ನಲ್ಲ. ಅತಿ ದ್ವೇಷದ ತರಕಾರಿಯಿಂದ ಶುರುಮಾಡುವುದು ಸಾಹಸಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಮೊದಲ ಗೆಲುವು ಸುಲಭದ್ದಾಗಲಿ.

14 ದಿನಗಳ ಕ್ರಮ

ವಾರ್ಡಲ್ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2ರಿಂದ 6 ವರ್ಷದ ಮಕ್ಕಳಿಗೆ ಮನೆಯಲ್ಲೇ, ಹೆತ್ತವರ ಕೈಯಿಂದಲೇ, ಒಲ್ಲದ ಒಂದು ತರಕಾರಿಯ ರುಚಿಯನ್ನು 14 ದಿನ ತೋರಿಸಲಾಯಿತು. ಇನ್ನೊಂದು ಗುಂಪಿಗೆ ಪೌಷ್ಟಿಕ ಆಹಾರದ ಮಾಹಿತಿ ಮಾತ್ರ ಕೊಟ್ಟರು. ಇಷ್ಟವೂ ತಿಂದ ಪ್ರಮಾಣವೂ ಹೆಚ್ಚಿದ್ದು ರುಚಿ ನೋಡಿದ ಗುಂಪಿನಲ್ಲಿ. ಉಪದೇಶಕ್ಕೆ ಆ ಶಕ್ತಿಯಿಲ್ಲ ಎನ್ನುವುದನ್ನು ಇದಕ್ಕಿಂತ ಸಭ್ಯವಾಗಿ ಹೇಳುವುದು ಕಷ್ಟ.

ದಿನಕ್ಕೆ ಒಂದು ಸಲ, ಒಂದೇ ಹೊತ್ತಿಗೆ, ಊಟಕ್ಕೆ 10 ನಿಮಿಷ ಮೊದಲು ಕೂರಿಸಿ. ಹಸಿವು ಇರಬೇಕು, ಹಸಿವಿನ ಸಿಟ್ಟು ಇರಬಾರದು. ಹಿಂದಿನ 2 ಗಂಟೆ ನೀರು ಬಿಟ್ಟು ಬೇರೇನೂ ಬೇಡ. ತಟ್ಟೆಯಲ್ಲಿ ಬಟಾಣಿ ಗಾತ್ರದ ಒಂದೇ ತುಣುಕು. ಅಷ್ಟೇ ಸಾಕು. ಪಕ್ಕದಲ್ಲಿ ನಿಮಗೂ ಒಂದು ತುಣುಕು. ನೀವು ಮೊದಲು ತಿನ್ನಿ, ಮುಖದಲ್ಲಿ ಸಹಜ ಸಂತೋಷವಿರಲಿ, ಉತ್ಪ್ರೇಕ್ಷೆ ಬೇಡ. ಆಡುವ ಮಾತು ಒಂದೇ, ದಿನವೂ ಅದೇ: ‘ರುಚಿ ನೋಡು, ಬೇಡವಾದರೆ ಉಗುಳಬಹುದು.’ ಹೇಳಿ ಸುಮ್ಮನಾಗಿ. 3 ನಿಮಿಷ ಕಾಯಿರಿ. ಮೊದಲೇ ಹೇಳಿದ ತಾಳ್ಮೆಯ ಅಳತೆ ಇದೇ, ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. ಮುಟ್ಟದಿದ್ದರೆ ತಟ್ಟೆ ಎತ್ತಿ, ಊಟ ಬಡಿಸಿ, ಆ ವಿಷಯ ಮತ್ತೆ ಎತ್ತಬೇಡಿ.

ಹಾಳೆಯ ಮೇಲೆ ದಿನದ ಎದುರಿಗೆ ಒಂದು ಅಂಕಿ ಬರೆಯಿರಿ. 0 ಎಂದರೆ ಮುಟ್ಟಲಿಲ್ಲ, 1 ಮೂಸಿತು ಅಥವಾ ಮುಟ್ಟಿತು, 2 ನೆಕ್ಕಿತು, 3 ಬಾಯಿಗೆ ಹಾಕಿ ಉಗುಳಿತು, 4 ನುಂಗಿತು, 5 ಇನ್ನೊಂದು ಕೇಳಿತು. ಲೆಕ್ಕಕ್ಕೆ ಬರುವುದು 2 ಮತ್ತು ಅದರ ಮೇಲಿನ ದಿನಗಳು ಮಾತ್ರ. ಏಕೆಂದರೆ ಬರ್ಚ್ ಅವರ 1987ರ ಪ್ರಯೋಗದಲ್ಲಿ, ಆಹಾರವನ್ನು ಬರೀ ನೋಡಿದ ಮಕ್ಕಳಿಗೆ ಅದರ ನೋಟ ಹಿಡಿಸಿತೇ ಹೊರತು ರುಚಿ ಹಿಡಿಸಲಿಲ್ಲ. ನಾಲಿಗೆಗೆ ಮುಟ್ಟಿದ್ದೇ ಲೆಕ್ಕ. ಹಾಗಾಗಿ ಉಗುಳಿದ ದಿನವೂ ಸೋತ ದಿನವಲ್ಲ, ಅದು ಪಟ್ಟಿಯಲ್ಲಿ ಒಂದು ಪೂರ್ತಿ ಸಲ. ತುಪ್ಪನೆ ಉಗುಳಿದ ಮಗುವಿನ ಮುಂದೆ ಶಾಂತವಾಗಿ ಕೂರಲು ಈ ಒಂದು ತಿಳಿವಳಿಕೆ ತುಂಬ ಸಹಾಯ ಮಾಡುತ್ತದೆ.

ಮೊದಲ ನಾಲ್ಕೈದು ದಿನ 0 ಮತ್ತು 1 ಬರುವುದು ಸಾಮಾನ್ಯ. ಐದನೆಯ ದಿನಕ್ಕೂ 2 ಬರದಿದ್ದರೆ ಬಹುಮಾನ ಸೇರಿಸಿ. ಕುಕ್ ತಂಡದ 2011ರ ಅಧ್ಯಯನದಲ್ಲಿ 4ರಿಂದ 6 ವರ್ಷದ ಮಕ್ಕಳು 12 ದಿನ ರುಚಿ ನೋಡಿದರು. ರುಚಿ ನೋಡಿದ್ದಕ್ಕೆ ಸ್ಟಿಕ್ಕರ್ ಪಡೆದವರಲ್ಲಿ ಹೆಚ್ಚಿದ ತಿನ್ನುವಿಕೆ ಮೂರು ತಿಂಗಳ ಮೇಲೂ ಉಳಿದಿತ್ತು. ಇದಕ್ಕೆ ಮೂರು ನಿಯಮ. ಬಹುಮಾನ ರುಚಿ ನೋಡಿದ್ದಕ್ಕೆ, ಮುಗಿಸಿದ್ದಕ್ಕಲ್ಲ. ಆ ಕ್ಷಣವೇ ಕೊಡಬೇಕು, ಸಂಜೆಗಲ್ಲ. ಅದು ತಿನ್ನುವ ವಸ್ತುವಾಗಿರಬಾರದು.

ಮೂರನೆಯ ನಿಯಮ ಮುರಿಯುವವರೇ ಹೆಚ್ಚು. ‘ಬೀನ್ಸ್ ತಿಂದರೆ ಐಸ್‌ಕ್ರೀಮ್’ ಎಂಬ ಕರಾರಿನಲ್ಲಿ ಮಗು ಕಲಿಯುವುದು ಎರಡು ಪಾಠ. ಬೀನ್ಸ್ ಎಂದರೆ ಲಂಚ ಕೊಟ್ಟು ತಿನ್ನಿಸಬೇಕಾದಷ್ಟು ಕೆಟ್ಟದ್ದು, ಐಸ್‌ಕ್ರೀಮ್ ಎಂದರೆ ಶ್ರಮಪಟ್ಟು ಗಳಿಸಬೇಕಾದಷ್ಟು ದೊಡ್ಡದು. ಎರಡೂ ನಿಮ್ಮ ಉದ್ದೇಶಕ್ಕೆ ತಿರುವುಮುರುವು.

15ನೆಯ ದಿನ ಮೂರು ಮುಖಗಳ ಆಟವನ್ನು ಅದೇ ಆರು ತರಕಾರಿಗಳೊಂದಿಗೆ ಮತ್ತೆ ಆಡಿಸಿ. ಬೇರೊಂದು ದಿನ 30 ಗ್ರಾಂ ತೂಗಿ ಬಟ್ಟಲಿಗೆ ಹಾಕಿ, ಬೇಕಾದಷ್ಟು ತಿನ್ನಲು ಬಿಟ್ಟು, ಉಳಿದದ್ದನ್ನು ತೂಗಿ. ಶ್ರೇಣಿ ಒಂದೆರಡು ಮೆಟ್ಟಿಲು ಏರಿದ್ದರೆ ಅಥವಾ 10 ಗ್ರಾಂ ಒಳಹೋಗಿದ್ದರೆ ಕೆಲಸ ಆಗಿದೆ. ಏನೂ ಬದಲಾಗಿಲ್ಲವೆಂದರೆ ಮೊದಲು 2 ಅಥವಾ ಅದಕ್ಕೆ ಮೇಲ್ಪಟ್ಟ ಅಂಕಿಯ ದಿನಗಳನ್ನು ಎಣಿಸಿ. ಆರೇ ದಿನ ಇದ್ದರೆ ಕ್ರಮ ಸೋತಿಲ್ಲ, ಅರ್ಧದಲ್ಲಿದೆ, ಮುಂದುವರಿಸಿ. 15 ನಿಜವಾದ ಸಲಗಳಾದರೂ ಮುಖ ಸಿಂಡರಿಸಿದರೆ ಆ ತರಕಾರಿ ಬಿಟ್ಟು ಬೇರೆಯದನ್ನು ಹಿಡಿಯಿರಿ, ಆರು ತಿಂಗಳ ಮೇಲೆ ಮರಳಿ ಬನ್ನಿ. ಗೆದ್ದ ತರಕಾರಿ ವಾರಕ್ಕೆ ಒಂದೆರಡು ಸಲವಾದರೂ ತಟ್ಟೆಯಲ್ಲಿ ಕಾಣುತ್ತಿರಲಿ.

ಇನ್ನೂ ವರ್ಷ ತುಂಬದ ಕೂಸಿಗೆ ಈ ಆಟ, ಅಂಕಿ, ಸ್ಟಿಕ್ಕರ್ ಯಾವುದೂ ಬೇಕಿಲ್ಲ. ಗಟ್ಟಿ ಆಹಾರ ಶುರುವಾದ ಹೊಸದರಲ್ಲಿ ಕೂಸು ಅತಿ ಉದಾರಿ. ಆಂಡ್ರಿಯಾ ಮೇಯರ್ ತಂಡದ 2007ರ ಅಧ್ಯಯನದಲ್ಲಿ ತಾಯಂದಿರು ತಮ್ಮ ಏಳು ತಿಂಗಳ ಕೂಸು ಒಲ್ಲದೆಂದು ಹೇಳಿದ ತರಕಾರಿಯ ನುಣ್ಣನೆ ಮುದ್ದೆಯನ್ನು ದಿನ ಬಿಟ್ಟು ದಿನ 8 ಸಲ ಕೊಟ್ಟರು. ಎಂಟನೆಯ ಸಲಕ್ಕೆ ಬಹುಪಾಲು ಕೂಸುಗಳು ಅದನ್ನು ಇಷ್ಟದ ತರಕಾರಿಯಷ್ಟೇ ತಿಂದವು. ಮುಖ ನೋಡಿ ತೀರ್ಮಾನಿಸಬೇಡಿ. ಈ ವಯಸ್ಸಿನಲ್ಲಿ ಹುಬ್ಬು ಗಂಟಿಕ್ಕಿಕೊಂಡೇ ಮುಂದಿನ ಚಮಚಕ್ಕೆ ಬಾಯಿ ತೆರೆಯುತ್ತಾರೆ, ನೋಡಬೇಕಾದದ್ದು ಬಾಯನ್ನು. ಗಂಟುಗಂಟಾದ ಆಹಾರವನ್ನು 9 ತಿಂಗಳಿಗಿಂತ ತಡಮಾಡಬೇಡಿ. ತಡವಾಗಿ ಶುರುಮಾಡಿದ ಮಕ್ಕಳಲ್ಲಿ 7 ವರ್ಷದ ಹೊತ್ತಿಗೂ ಊಟದ ತಕರಾರು ಹೆಚ್ಚಿದ್ದದ್ದು ಬ್ರಿಟನ್ನಿನ ದೀರ್ಘಕಾಲದ ಅಧ್ಯಯನವೊಂದರಲ್ಲಿ ಕಂಡಿದೆ.

ಸುರಕ್ಷತೆಯ ಮಾತು ಇಲ್ಲೇ ಮುಗಿಸೋಣ. ವರ್ಷ ತುಂಬುವವರೆಗೆ ಜೇನು ಬೇಡ. 4–5 ವರ್ಷದವರೆಗೆ ಇಡೀ ದ್ರಾಕ್ಷಿ, ಇಡೀ ಕಡಲೆಬೀಜ, ಬಿಲ್ಲೆಯಾಗಿ ಹೆಚ್ಚಿದ ಹಸಿ ಕ್ಯಾರೆಟ್ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ, ಕ್ಯಾರೆಟ್ ಬೇಯಿಸಿ ಕೊಡಿ. ರುಚಿ ನೋಡುವಾಗ ಮಗು ಕೂತೇ ಇರಬೇಕು.

ಕೆಡುವುದು ಎಲ್ಲಿ

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಒತ್ತಾಯ. ಆಮಿ ಗ್ಯಾಲೋವೇ ಮತ್ತು ಬರ್ಚ್ ತಂಡ 2006ರಲ್ಲಿ ಪುಟ್ಟ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟು ನೋಡಿತು. ಒಂದನ್ನು ಕುಡಿಯುವಾಗ ‘ಸೂಪ್ ಮುಗಿಸು’ ಎಂದು ಹೇಳುತ್ತಿದ್ದರು, ಇನ್ನೊಂದನ್ನು ಕುಡಿಯುವಾಗ ಏನೂ ಹೇಳಲಿಲ್ಲ. ಸುಮ್ಮನೆ ಬಿಟ್ಟ ಸೂಪನ್ನೇ ಮಕ್ಕಳು ಹೆಚ್ಚು ಕುಡಿದರು, ಅದರ ಬಗ್ಗೆ ಕೊಂಕು ಮಾತೂ ಕಡಿಮೆ. ‘ಇನ್ನೊಂದೇ ತುತ್ತು’ ಎನ್ನುವುದೂ ಒತ್ತಾಯವೇ. ‘ನೋಡು, ಅಕ್ಕ ಎಷ್ಟು ಚೆನ್ನಾಗಿ ತಿಂತಾಳೆ’ ಎನ್ನುವುದೂ ಅದೇ.

ಎರಡನೆಯದು ದಿನಕ್ಕೊಂದು ರೂಪ. ಸೋಮವಾರ ಬೇಯಿಸಿದ್ದು, ಮಂಗಳವಾರ ಹುರಿದದ್ದು, ಬುಧವಾರ ಸೂಪಿನಲ್ಲಿ. ದೊಡ್ಡವರಿಗೆ ಅದು ಒಂದೇ ತರಕಾರಿ. ಮಗುವಿನ ಲೆಕ್ಕದಲ್ಲಿ ಮೂರು ಹೊಸ ಪದಾರ್ಥ, ಪ್ರತಿಯೊಂದಕ್ಕೂ ಎಣಿಕೆ ಸೊನ್ನೆಯಿಂದ. ರುಚಿ ಹತ್ತುವವರೆಗೆ ಹೆಚ್ಚುವ ಆಕಾರವನ್ನೂ ಬದಲಿಸಬೇಡಿ.

ತರಕಾರಿಯನ್ನು ಅರೆದು ಬೇರೆಯದರಲ್ಲಿ ಬಚ್ಚಿಡುವುದರ ಬಗ್ಗೆ ವಾದಗಳಿವೆ. ತರಕಾರಿ ಹೊಟ್ಟೆಗೆ ಹೋಗಲಿ ಎನ್ನುವುದಷ್ಟೇ ಗುರಿಯಾದರೆ ಉಪಾಯ ಒಳ್ಳೆಯದೇ, ಪ್ರಯೋಗಗಳಲ್ಲಿ ಮಕ್ಕಳು ತಿಂದ ತರಕಾರಿಯ ಪ್ರಮಾಣ ನಿಜಕ್ಕೂ ಹೆಚ್ಚಿದೆ. ಆದರೆ ಕಾಣದ, ರುಚಿಯೂ ತಿಳಿಯದ ತರಕಾರಿಯನ್ನು ಇಷ್ಟಪಡಲು ನಾಲಿಗೆ ಕಲಿಯದು. ಅದು ಊಟದ ಉಪಾಯ, ಕಲಿಕೆಯ ಉಪಾಯವಲ್ಲ. ಮಗು ಪತ್ತೆಹಚ್ಚಿದರೆ, ಬಚ್ಚಿಟ್ಟದ್ದರ ಜೊತೆ ಬಚ್ಚಿಡಲು ಬಳಸಿದ ಇಷ್ಟದ ಪದಾರ್ಥವೂ ಕೈತಪ್ಪಬಹುದು.

ಇನ್ನು ಮನೆಯವರ ಮುಖ. ಊಟದ ಹೊತ್ತಿನಲ್ಲಿ ದೊಡ್ಡವರೊಬ್ಬರು ಅದೇ ತರಕಾರಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದರೆ 14 ದಿನವೂ ನೀರಲ್ಲಿ ಹೋಮ. ಓರಗೆಯ ಮಕ್ಕಳ ಪ್ರಭಾವವಂತೂ ಇನ್ನೂ ಹೆಚ್ಚು. ಬರ್ಚ್ ಅವರ 1980ರ ಪ್ರಯೋಗದಲ್ಲಿ, ಬೇರೆ ತರಕಾರಿ ಇಷ್ಟಪಡುವ ಮಕ್ಕಳ ಗುಂಪಿನಲ್ಲಿ ಕೂರಿಸಿದ ಮಗು ಕೆಲವೇ ದಿನಗಳಲ್ಲಿ ಅವರು ಆರಿಸಿದ್ದನ್ನೇ ಆರಿಸತೊಡಗಿತು. ಆ ತರಕಾರಿ ತಿನ್ನುವ ಗೆಳೆಯನನ್ನು ಊಟಕ್ಕೆ ಕರೆಯುವುದು ಹತ್ತು ಉಪದೇಶಕ್ಕೆ ಸಮ.

ಎಷ್ಟು ತಿನ್ನಬೇಕು ಎಂಬುದು ಬೇರೆಯೇ ಪ್ರಶ್ನೆ

ಇಷ್ಟ ಒಂದು, ಪ್ರಮಾಣ ಇನ್ನೊಂದು. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಎರಡೂ ಕೆಡುತ್ತವೆ. ಎಲೆನ್ ಸ್ಯಾಟರ್ ಎಂಬ ಆಹಾರತಜ್ಞೆ ಮಾಡಿದ ಕೆಲಸ ಹಂಚಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಏನು, ಯಾವಾಗ, ಎಲ್ಲಿ ಎನ್ನುವುದು ದೊಡ್ಡವರ ಪಾಲು, ತಿನ್ನಬೇಕೇ, ಎಷ್ಟು ತಿನ್ನಬೇಕು ಎನ್ನುವುದು ಮಗುವಿನ ಪಾಲು. ಊಟ ತಿಂಡಿಗಳ ನಡುವೆ ಎರಡೂವರೆಯಿಂದ ಮೂರು ಗಂಟೆ ಅಂತರ, ನಡುವೆ ನೀರು ಮಾತ್ರ. ಊಟಕ್ಕೆ 20ರಿಂದ 30 ನಿಮಿಷ, ಆಮೇಲೆ ತಟ್ಟೆ ಎತ್ತುವುದು. ಪ್ರತಿ ಪದಾರ್ಥವನ್ನೂ ವಯಸ್ಸಿನ ವರ್ಷಕ್ಕೊಂದು ದೊಡ್ಡ ಚಮಚದಂತೆ ಬಡಿಸಿ, ಕೇಳಿದರೆ ಮತ್ತೆ ಹಾಕಿ.

ಬಡಿಸುವ ಪ್ರಮಾಣ ಏಕೆ ಮುಖ್ಯ? ಬಾರ್ಬರಾ ರೋಲ್ಸ್ ತಂಡ 2000ದಲ್ಲಿ ಕಂಡಂತೆ, ಹೆಚ್ಚು ಬಡಿಸಿದರೂ 3 ವರ್ಷದ ಮಕ್ಕಳು ತಮ್ಮ ಹೊಟ್ಟೆಗೆ ಬೇಕಾದಷ್ಟೇ ತಿಂದರು, 5 ವರ್ಷದವರು ಬಡಿಸಿದ್ದಕ್ಕೆ ತಕ್ಕಂತೆ ಹೆಚ್ಚು ತಿಂದರು. ಆ ಎರಡು ವರ್ಷಗಳಲ್ಲಿ ಗಮನ ಹೊಟ್ಟೆಯಿಂದ ತಟ್ಟೆಗೆ ಜಾರಿತ್ತು. ‘ತಟ್ಟೆ ಖಾಲಿ ಮಾಡು’ ಎಂಬ ಮಾತು ಇದೇ ಜಾರುವಿಕೆಗೆ ಎಣ್ಣೆ ಸವರುತ್ತದೆ. ಈ ದೌರ್ಬಲ್ಯವನ್ನು ತರಕಾರಿಯ ಕಡೆಗೂ ತಿರುಗಿಸಬಹುದು. ಒಂದು ಪ್ರಯೋಗದಲ್ಲಿ ಊಟದ ಶುರುವಿಗೆ, ಬೇರೇನೂ ಮುಂದಿಲ್ಲದಾಗ, 30 ಗ್ರಾಂ ಕ್ಯಾರೆಟ್ ಬದಲು 60 ಗ್ರಾಂ ಇಟ್ಟಾಗ ಮಕ್ಕಳು ತಿಂದದ್ದು 47 ಶೇಕಡಾ ಹೆಚ್ಚಿತು. 90 ಗ್ರಾಂ ಇಟ್ಟಾಗ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಇದು ಮಗು ಈಗಾಗಲೇ ತಿನ್ನುವ ತರಕಾರಿಗೆ ಮಾತ್ರ; ಕಲಿಯುತ್ತಿರುವ ತರಕಾರಿಗೆ ಒಂದೇ ತುಣುಕಿನ ನಿಯಮ.

ಸಿಹಿ ತಿಂಡಿಯನ್ನು ಕಣ್ಣಿಗೆ ಕಾಣುವಂತೆ ಇಟ್ಟು ಕೈಗೆ ಸಿಗದಂತೆ ಮಾಡುವುದು ಅತಿ ಕೆಟ್ಟ ವ್ಯವಸ್ಥೆ. ಜೆನಿಫರ್ ಫಿಶರ್ ಮತ್ತು ಬರ್ಚ್ 1999ರಲ್ಲಿ ತೋರಿಸಿದಂತೆ, ಪಾರದರ್ಶಕ ಡಬ್ಬಿಯಲ್ಲಿ ಬೀಗ ಹಾಕಿಟ್ಟ ತಿಂಡಿಯ ಮೇಲೆ ಮಕ್ಕಳ ಮಾತು, ಆಸೆ ಎಲ್ಲ ಹೆಚ್ಚಿತು. ಮನೆಗೆ ತರುವುದನ್ನು ಕಡಿಮೆ ಮಾಡಿ. ತಂದದ್ದನ್ನು ವಾರದಲ್ಲಿ ಗೊತ್ತಾದ ದಿನ, ಷರತ್ತಿಲ್ಲದೆ, ಊಟದ ಜೊತೆಗೇ ಕೊಟ್ಟುಬಿಡಿ.

‘ಮಗುವಿನ ದೇಹಕ್ಕೆ ಬೇಕಾದದ್ದು ಅದಕ್ಕೇ ಗೊತ್ತು’ ಎನ್ನುವವರು ಕ್ಲಾರಾ ಡೇವಿಸ್ ಅವರ ಹೆಸರು ಹೇಳುವುದುಂಟು. 1920ರ ದಶಕದ ಕೊನೆಯಲ್ಲಿ ಅವರು ಎದೆಹಾಲು ಬಿಟ್ಟ ಕೂಸುಗಳ ಮುಂದೆ ಬಗೆಬಗೆಯ ಆಹಾರದ ತಟ್ಟೆ ಇಟ್ಟು, ತಾವೇ ಆರಿಸಿ ತಿನ್ನಲು ಬಿಟ್ಟದ್ದೂ ನಿಜ, ಕೂಸುಗಳು ಚೆನ್ನಾಗಿ ಬೆಳೆದದ್ದೂ ನಿಜ. ಮರೆತುಹೋಗುವುದು ಏನೆಂದರೆ, ಪಟ್ಟಿಯಲ್ಲಿದ್ದ 34 ಆಹಾರಗಳೂ ಸಂಸ್ಕರಿಸದ ಸಾದಾ ಪದಾರ್ಥಗಳು, ಸಕ್ಕರೆ ಅದರಲ್ಲಿರಲೇ ಇಲ್ಲ. ಗುಟ್ಟು ಪಟ್ಟಿಯಲ್ಲಿತ್ತು ಎಂದು ಡೇವಿಸ್ ಅವರೇ ಹೇಳಿದ್ದಾರೆ. ‘ಏನು’ ಎನ್ನುವುದು ದೊಡ್ಡವರ ಪಾಲು ಎಂಬ ಮಾತಿನ ತೂಕ ಇದೇ.

ಈ ಕ್ರಮ ಸಾಲದ ಮಕ್ಕಳು

ತೂಕ ಇಳಿಯುತ್ತಿದ್ದರೆ ಅಥವಾ ಬೆಳವಣಿಗೆ ನಿಂತಿದ್ದರೆ, ತಿನ್ನುವ ಪದಾರ್ಥಗಳ ಪಟ್ಟಿ 20ಕ್ಕಿಂತ ಕೆಳಗಿಳಿದು ಇನ್ನೂ ಕುಗ್ಗುತ್ತಿದ್ದರೆ, ಪ್ರತಿ ಊಟದಲ್ಲೂ ಕೆಮ್ಮು, ಓಕರಿಕೆ, ನುಂಗುವಾಗ ನೋವು ಇದ್ದರೆ ಮನೆಮದ್ದಿನ ಹಂತ ದಾಟಿದೆ. ಮಕ್ಕಳ ವೈದ್ಯರನ್ನು ಕಾಣಿ. ತಿಂದೊಡನೆ ತುಟಿ ಊದಿದರೆ, ಮೈ ಮೇಲೆ ದದ್ದು ಎದ್ದರೆ ಅದು ಅಲರ್ಜಿಯ ಲಕ್ಷಣ. ಆ ಪದಾರ್ಥವನ್ನು ಮತ್ತೆ ಕೊಡುವ ಮಾತೇ ಇಲ್ಲ. ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ. ತೂಕದ ಚಿಂತೆಯಿಲ್ಲದೆ, ಆಹಾರದ ರೂಪ, ವಾಸನೆ, ಭಯದ ಕಾರಣಕ್ಕೇ ಅಪಾಯದ ಮಟ್ಟಕ್ಕೆ ಊಟ ಬಿಡುವುದನ್ನು ಮನೋವೈದ್ಯರ ಕೈಪಿಡಿ 2013ರಿಂದ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದೆ. ಅದು ಹಠವಲ್ಲ, ಅದಕ್ಕೆ ಚಿಕಿತ್ಸೆ ಇದೆ, ದೊಡ್ಡವರಿಗೂ ಬರುತ್ತದೆ.

ದೊಡ್ಡವರ ನಾಲಿಗೆ

ದೊಡ್ಡವರಿಗೆ ಒಂದು ಅನುಕೂಲ, ಒಂದು ಅನನುಕೂಲ. ಬೇಕೆಂದೇ ತಿನ್ನಬಲ್ಲರು. ಆದರೆ ಮೂವತ್ತು ವರ್ಷದಿಂದ ‘ನಾನು ಅದನ್ನು ತಿನ್ನುವವನಲ್ಲ’ ಎಂದು ಹೇಳಿಕೊಂಡು ಬಂದಿರುತ್ತಾರೆ. ತಾವು ಎಲ್ಲಿದ್ದೇವೆಂದು ನೋಡಿಕೊಳ್ಳಲು ಪ್ಯಾಟ್ರಿಶಿಯಾ ಪ್ಲೈನರ್ ಮತ್ತು ಕ್ಯಾರನ್ ಹಾಬ್ಡೆನ್ 1992ರಲ್ಲಿ ರೂಪಿಸಿದ ಮಾಪಕವಿದೆ. 10 ಹೇಳಿಕೆಗಳಿಗೆ 1ರಿಂದ 7ರವರೆಗೆ ಅಂಕ. ಐದು ಹೇಳಿಕೆ ಹೊಸ ಆಹಾರದ ಪರ ಇರುವುದರಿಂದ ಅವುಗಳ ಅಂಕವನ್ನು 8ರಿಂದ ಕಳೆದು ತಿರುಗಿಸಿ ಕೂಡಬೇಕು. ಮೊತ್ತ 10ರಿಂದ 70ರೊಳಗೆ ಬರುತ್ತದೆ, ಹೆಚ್ಚಾದಷ್ಟೂ ಭಯ ಹೆಚ್ಚು. ಈ ತಿರುಗಿಸುವ ಹೆಜ್ಜೆ ಮರೆತರೆ ಎಲ್ಲರ ಮೊತ್ತವೂ ನಡುಮಧ್ಯ ಬಂದು ನಿಲ್ಲುತ್ತದೆ.

ರುಚಿ ಹತ್ತಿಸಿಕೊಳ್ಳುವ ಕ್ರಮ ಮಕ್ಕಳದ್ದೇ, ಜೊತೆಗೆ ಇನ್ನೊಂದು ಉಪಾಯ. ಒಲ್ಲದ ರುಚಿಯನ್ನು ಈಗಾಗಲೇ ಇಷ್ಟವಿರುವ ರುಚಿಗೆ ಜೋಡಿಸಿ, ಮೂರು ನಾಲ್ಕು ಸಲಕ್ಕೊಮ್ಮೆ ಆಸರೆಯನ್ನು ತಗ್ಗಿಸುತ್ತ ಹೋಗುವುದು. ಕಾಫಿ ಕುಡಿಯುವವರೆಲ್ಲ ಕಹಿಗೆ ಒಗ್ಗಿಕೊಂಡದ್ದು ಹೆಚ್ಚುಕಡಿಮೆ ಹೀಗೆಯೇ, ಹಾಲು ಸಕ್ಕರೆಯ ಕೈ ಹಿಡಿದು.

ತಿನ್ನುವ ಪ್ರಮಾಣದ ವಿಷಯದಲ್ಲಿ ದೊಡ್ಡವರು ಮೊದಲು ತಿಳಿಯಬೇಕಾದದ್ದು ಹೊಟ್ಟೆ ತುಂಬುವುದಕ್ಕೂ ನಾಲಿಗೆ ತಣಿಯುವುದಕ್ಕೂ ಇರುವ ವ್ಯತ್ಯಾಸ. ಒಂದೇ ರುಚಿಯನ್ನು ತಿನ್ನುತ್ತ ಹೋದರೆ ಆ ರುಚಿಯ ಮೇಲಿನ ಆಸೆ ಇಳಿಯುತ್ತದೆ, ಬೇರೆ ರುಚಿಯ ಮೇಲಿನದು ಹಾಗೇ ಉಳಿಯುತ್ತದೆ. ಊಟ ಸಾಕೆಂದ ಮೇಲೂ ಸಿಹಿಗೆ ಜಾಗ ಸಿಗುವುದು ಇದರಿಂದಲೇ. ರೋಲ್ಸ್ ತಂಡ 1981ರಲ್ಲಿ ನಾಲ್ಕು ಬಗೆಯ ಸ್ಯಾಂಡ್‌ವಿಚ್ ಕೊಟ್ಟಾಗ ಜನ ಒಂದೇ ಬಗೆ ಕೊಟ್ಟಾಗಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ತಿಂದರು. ಆದ್ದರಿಂದ ತಟ್ಟೆಯಲ್ಲಿ ತರಕಾರಿಯ ಬಗೆ ಮೂರಿರಲಿ, ಮನೆಯಲ್ಲಿ ಕುರುಕಲು ತಿಂಡಿಯ ಬಗೆ ಒಂದೇ ಇರಲಿ. ತಿನ್ನುವಾಗ ಟಿವಿ, ಮೊಬೈಲ್ ಬಂದ್ ಮಾಡಿ. ಗಮನ ಬೇರೆಡೆ ಇದ್ದಾಗ ಆ ಊಟದಲ್ಲೂ ಹೆಚ್ಚು ಒಳಹೋಗುತ್ತದೆ, ತಿಂದ ನೆನಪು ಮಸುಕಾಗಿ ಮುಂದಿನ ಊಟದಲ್ಲೂ ಹೆಚ್ಚುತ್ತದೆ.

ಆಹಾರದ ಬಗೆಯ ಪ್ರಭಾವ ಇದಕ್ಕಿಂತ ದೊಡ್ಡದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 2019ರಲ್ಲಿ 20 ಜನರನ್ನು ಒಳಗೇ ಉಳಿಸಿಕೊಂಡು, ಎರಡು ವಾರ ಅತಿ ಸಂಸ್ಕರಿತ ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟಿತು. ಸಕ್ಕರೆ, ಕೊಬ್ಬು, ನಾರು, ಉಪ್ಪನ್ನು ಎರಡರಲ್ಲೂ ಸರಿದೂಗಿಸಿ ಬಡಿಸಿದ್ದರೂ ಅತಿ ಸಂಸ್ಕರಿತ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು. ಅದೇ ವೇಳೆ ‘ಚಿಕ್ಕ ತಟ್ಟೆ ಬಳಸಿದರೆ ತೂಕ ಇಳಿಯುತ್ತದೆ’ ಎಂಬಂಥ ಸಲಹೆಗಳನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ. ಆ ಬಗೆಯ ಆಕರ್ಷಕ ಫಲಿತಾಂಶಗಳನ್ನು ಜನಪ್ರಿಯಗೊಳಿಸಿದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗಾಲಯದ ಹಲವು ಲೇಖನಗಳು 2017–18ರಲ್ಲಿ ಹಿಂತೆಗೆಯಲ್ಪಟ್ಟಿವೆ.

ಉಪ್ಪಿನ ವಿಷಯ ಕೊನೆಗೆ ಇಟ್ಟದ್ದು ಅದಕ್ಕೆ ಬೇಕಾದ ಕಾಲ ಬೇರೆ ಎಂಬ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಮಟ್ಟಸವಾಗಿ ಒಂದು ಸಣ್ಣ ಚಮಚಕ್ಕಿಂತ ಕೆಳಗೆ. ಮೊನೆಲ್ ಕೇಂದ್ರದ 1982ರ ಅಧ್ಯಯನದಲ್ಲಿ ಉಪ್ಪು ತಗ್ಗಿಸಿದವರಿಗೆ ಮೊದಲ ವಾರಗಳಲ್ಲಿ ಎಲ್ಲವೂ ಸಪ್ಪೆ ಎನಿಸಿತು, ಎರಡು ಮೂರು ತಿಂಗಳಲ್ಲಿ ಅವರಿಗೆ ಹಿತವೆನಿಸುವ ಉಪ್ಪಿನ ಮಟ್ಟವೇ ಇಳಿಯಿತು. ಮನೆಯಲ್ಲಿ ಮಾಡುವುದಾದರೆ ಒಂದು ವಾರ ಅಡುಗೆಗೆ ಹಾಕುವ ಉಪ್ಪನ್ನು ತೂಗಿ ಬರೆದಿಡಿ. ಆಮೇಲೆ ಎರಡು ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ಇಳಿಸಿ. ಊಟದ ಮೇಜಿನಿಂದ ಉಪ್ಪಿನ ಡಬ್ಬಿ ತೆಗೆದಿಡಿ, ಇಲ್ಲವಾದರೆ ಅಡುಗೆಯಲ್ಲಿ ಇಳಿದದ್ದು ತಟ್ಟೆಯಲ್ಲಿ ಏರುತ್ತದೆ. ಮೂರು ತಿಂಗಳಿಗೆ ಸುಮಾರು ಅರ್ಧದಷ್ಟು ಇಳಿದಿರುತ್ತದೆ. ನಡುವೆ ಒಂದು ವಾರ ಹೊರಗಿನ ಊಟವಾದರೆ ಗಾಬರಿ ಬೇಡ, ನಿಲ್ಲಿಸಿದ ಹಂತದಲ್ಲೇ ಇನ್ನೊಂದು ವಾರ ಉಳಿದು ಮುಂದಕ್ಕೆ ಹೋಗಿ.